ಬಾಯ್ಲರುಗಳು ಸಿಡಿಯುವುದು ನಿಂತದ್ದು ಹೇಗೆ?

1905ರ ಮಾರ್ಚ್ 20, ಸೋಮವಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಪಟ್ಟಣದಲ್ಲಿ ಬೆಳಗ್ಗೆ ಇನ್ನೂ ಎಂಟು ಗಂಟೆಯಾಗಿರಲಿಲ್ಲ. ಬ್ರಾಕ್ಟನ್ ಬೂಟು ಹೊಲಿಯುವ ಊರು. ಅಲ್ಲಿನ ಬಹುಪಾಲು ಮನೆಗಳಿಗೆ ಅನ್ನ ಕೊಡುತ್ತಿದ್ದದ್ದು ಬೂಟಿನ ಕಾರ್ಖಾನೆಗಳೇ. ಅವುಗಳಲ್ಲೊಂದು ಆರ್. ಬಿ. ಗ್ರೋವರ್ ಕಂಪನಿಯದು: ನಾಲ್ಕಂತಸ್ತಿನ ಮರದ ಕಟ್ಟಡ. ವಾರದ ಮೊದಲ ದಿನವಾದ್ದರಿಂದ ನೂರಾರು ಮಂದಿ ಗಂಡಸರೂ ಹೆಂಗಸರೂ ಆಗಲೇ ತಂತಮ್ಮ ಯಂತ್ರಗಳ ಮುಂದೆ ಕುಳಿತಿದ್ದರು. ಹೊಸ ಬಾಯ್ಲರಿನ ಕೆಲಸ ನಡೆದಿದ್ದರಿಂದ ಆವತ್ತು ಕಟ್ಟಡಕ್ಕೆ ಹಬೆ ಒದಗಿಸುತ್ತಿದ್ದದ್ದು ಹಳೆಯ ಬಾಯ್ಲರು.

ಆ ಬಾಯ್ಲರು ಸಿಡಿಯಿತು. ಟನ್ನುಗಟ್ಟಲೆ ತೂಕದ ಉಕ್ಕಿನ ಕೊಳವೆ ಅಂತಸ್ತುಗಳನ್ನು ಒಂದೊಂದಾಗಿ ಸೀಳಿಕೊಂಡು ಛಾವಣಿ ದಾಟಿ ಹಾರಿ ನೆರೆಯ ಮನೆಗಳ ಮೇಲೆ ಹೋಗಿ ಬಿತ್ತು. ಆಧಾರ ಕಳೆದುಕೊಂಡ ಅಂತಸ್ತುಗಳು ಯಂತ್ರಗಳ ಭಾರಕ್ಕೆ ಒಂದರ ಮೇಲೊಂದು ಕುಸಿದವು. ಗ್ಯಾಸಿನ ಕೊಳವೆಗಳು ಹರಿದು ಬೆಂಕಿ ಹತ್ತಿತು. ತೊಲೆಗಳ ಅಡಿ ಸಿಕ್ಕಿಕೊಂಡವರು ಜೀವಂತವಾಗಿಯೇ ಇದ್ದರು; ಅವರ ಕೂಗು ಹೊರಗಿದ್ದವರಿಗೆ ಕೇಳುತ್ತಿತ್ತು. ಊರಿನವರು ಕೈಗೆ ಸಿಕ್ಕ ಮರದ ತುಂಡುಗಳಿಂದ ತೊಲೆ ಎತ್ತಿ ಕೆಲವರನ್ನು ಎಳೆದುಕೊಂಡರು. ಉಳಿದವರ ಬಳಿಗೆ ಬೆಂಕಿ ಮೊದಲು ತಲುಪಿತು. ಸತ್ತವರು 58 ಮಂದಿ. ಗಾಯಗೊಂಡವರು ನೂರಕ್ಕೂ ಹೆಚ್ಚು. ಗುರುತು ಹಿಡಿಯಲಾಗದಂತೆ ಸುಟ್ಟುಹೋದವರನ್ನು ಊರಿನ ಮೆಲ್ರೋಸ್ ಸ್ಮಶಾನದಲ್ಲಿ ಒಟ್ಟಿಗೆ ಮಣ್ಣು ಮಾಡಬೇಕಾಯಿತು.

ಇದು ಅಪರೂಪದ ದುರಂತವೇನಲ್ಲ. ಆ ಕಾಲದ ಅಮೆರಿಕದಲ್ಲಿ ಸರಾಸರಿ ದಿನಕ್ಕೊಂದಾದರೂ ಬಾಯ್ಲರು ಎಲ್ಲೋ ಒಂದು ಕಡೆ ಸಿಡಿಯುತ್ತಿತ್ತು. ಮರ ಕೊಯ್ಯುವ ಗಿರಣಿ, ಬಟ್ಟೆಯ ಗಿರಣಿ, ರೈಲಿನ ಎಂಜಿನ್, ನದಿಯ ದೋಣಿ ಯಾವುದೂ ಇದಕ್ಕೆ ಹೊರತಾಗಿರಲಿಲ್ಲ. ಇಂದು ಅಂಥ ಸ್ಫೋಟ ನಡೆದರೆ ಅದು ದೇಶದ ದೊಡ್ಡ ಸುದ್ದಿಯಾಗುತ್ತದೆ. ಬ್ರಾಕ್ಟನ್ನಿನಿಂದ ಇಲ್ಲಿಗೆ ಬಂದದ್ದು ಹೇಗೆ? ಸರ್ಕಾರದ ಕಾನೂನಿನಿಂದ ಎಂದು ಕೆಲವರು ಹೇಳುತ್ತಾರೆ. ಎಂಜಿನಿಯರುಗಳೂ ತಯಾರಕರೂ ತಾವಾಗಿಯೇ ಕೂತು ಒಪ್ಪಿಕೊಂಡ ಮಾನಕಗಳಿಂದ ಎಂದು ಇನ್ನು ಕೆಲವರು. ಇಬ್ಬರ ಮಾತಿಗೂ ಆಧಾರವಿದೆ. ಯಾರ ಮಾತೂ ಪೂರ್ತಿ ನಿಜವಲ್ಲ. ಅದನ್ನು ಅರಿಯಲು ಬ್ರಾಕ್ಟನ್ನಿಗಿಂತ ಎಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ನದಿಗಳ ಕಾಲ

1807ರಲ್ಲಿ ರಾಬರ್ಟ್ ಫುಲ್ಟನ್ ಹಡ್ಸನ್ ನದಿಯಲ್ಲಿ ಹಬೆಯ ದೋಣಿ ಓಡಿಸಿದ ಮೇಲೆ ಅಮೆರಿಕದ ನದಿಗಳ ತುಂಬ ಅಂಥ ದೋಣಿಗಳು ಬಂದವು. ಮಿಸಿಸಿಪಿ, ಒಹಾಯೋ ನದಿಗಳಲ್ಲಿ ಪ್ರವಾಹಕ್ಕೆ ಎದುರಾಗಿ ವೇಗದಿಂದ ಹೋಗಲು ಹೆಚ್ಚು ಒತ್ತಡದ ಹಬೆ ಬೇಕಿತ್ತು. ಬಾಯ್ಲರುಗಳ ಕಬ್ಬಿಣ ಮಾತ್ರ ಆ ಒತ್ತಡಕ್ಕೆ ತಕ್ಕದ್ದಾಗಿರಲಿಲ್ಲ. ಪೇಟೆಂಟ್ ಆಯುಕ್ತರು 1848ರಲ್ಲಿ ಕೊಟ್ಟ ಲೆಕ್ಕದಂತೆ 1816ರಿಂದ ಆ ವರ್ಷದವರೆಗೆ ದೋಣಿಗಳಲ್ಲಿ 233 ಸ್ಫೋಟಗಳು ನಡೆದು 2,500ಕ್ಕೂ ಹೆಚ್ಚು ಜನ ಸತ್ತಿದ್ದರು.

ಬಾಯ್ಲರು ಏಕೆ ಸಿಡಿಯುತ್ತದೆ ಎಂಬುದೇ ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಕಾದ ಕಬ್ಬಿಣಕ್ಕೆ ತಗುಲಿ ನೀರು ಒಡೆದು ಸಿಡಿಯುವ ಅನಿಲವಾಗುತ್ತದೆ ಎಂದು ಕೆಲವರು, ಒಳಗೆ ವಿದ್ಯುತ್ತು ಹುಟ್ಟುತ್ತದೆ ಎಂದು ಕೆಲವರು ನಂಬಿದ್ದರು. ನಿಜವಾದ ಕಾರಣವನ್ನು ಇವತ್ತು ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನಿಂದಲೇ ಅರಿಯಬಹುದು. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿದಂತೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನೀರಾಗಿಯೇ ಉಳಿಯುತ್ತದೆ. ಪಾತ್ರೆ ಎಲ್ಲಾದರೂ ಹರಿದರೆ ಒತ್ತಡ ಒಮ್ಮೆಗೇ ಇಳಿದು, ಆ ಕಾದ ನೀರಿನಲ್ಲಿ ಒಂದು ಪಾಲು ಕ್ಷಣದಲ್ಲಿ ಹಬೆಯಾಗುತ್ತದೆ. ಹಬೆಯಾದ ನೀರಿಗೆ ಮೊದಲಿಗಿಂತ ಸಾವಿರದ ಆರುನೂರು ಪಟ್ಟು ಜಾಗ ಬೇಕು. ಬಾಯ್ಲರಿನಲ್ಲಿ ಸಾವಿರಾರು ಲೀಟರ್ ನೀರು ಹೀಗೆ ಕಾದು ನಿಂತಿರುತ್ತದೆ.

1830ರಲ್ಲಿ ಫಿಲಡೆಲ್ಫಿಯಾದ ಫ್ರ್ಯಾಂಕ್ಲಿನ್ ಇನ್‌ಸ್ಟಿಟ್ಯೂಟ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅದು ಎಂಜಿನಿಯರುಗಳೂ ಕುಶಲಕರ್ಮಿಗಳೂ ಸೇರಿ ಕಟ್ಟಿಕೊಂಡ ಸಂಸ್ಥೆ. ಬೆಂಜಮಿನ್ ಫ್ರ್ಯಾಂಕ್ಲಿನ್ನರ ಮೊಮ್ಮಗನ ಮಗ ಅಲೆಕ್ಸಾಂಡರ್ ಡಲ್ಲಾಸ್ ಬಾಷ್ ಸಮಿತಿಯ ಮುಖ್ಯಸ್ಥರು. ಅಮೆರಿಕದ ಖಜಾನೆ ಇಲಾಖೆ ಪ್ರಯೋಗಗಳಿಗೆ ಹಣ ಕೊಟ್ಟಿತು. ಆ ದೇಶದ ಕೇಂದ್ರ ಸರ್ಕಾರ ವಿಜ್ಞಾನದ ಸಂಶೋಧನೆಗೆ ಕೊಟ್ಟ ಮೊದಲ ಅನುದಾನ ಅದೇ ಎನ್ನುತ್ತಾರೆ. ಸಮಿತಿಯವರು ಗಾಜಿನ ಕಿಂಡಿ ಇಟ್ಟ ಬಾಯ್ಲರು ಮಾಡಿಸಿ ಒಳಗೆ ನಡೆಯುವುದನ್ನು ಕಣ್ಣಾರೆ ನೋಡಿದರು. ಸುರಕ್ಷತಾ ಕವಾಟಗಳನ್ನು ಪರೀಕ್ಷಿಸಿದರು. ಕಬ್ಬಿಣ, ತಾಮ್ರದ ಹಾಳೆಗಳನ್ನು ಎಳೆದು ಎಷ್ಟು ಬಲಕ್ಕೆ ಹರಿಯುತ್ತವೆಂದು ಅಳೆದರು. ಅನಿಲದ ಕಟ್ಟುಕತೆ ಸುಳ್ಳಾಯಿತು. ಕಡಿಮೆ ನೀರು, ದುರ್ಬಲ ಲೋಹ, ಕೆಟ್ಟ ಕವಾಟ, ಅಜಾಗರೂಕತೆ ಇವೇ ಕಾರಣಗಳೆಂದು 1836ರ ಹೊತ್ತಿಗೆ ತಿಳಿಯಿತು. ಕಾನೂನಿನಲ್ಲಿ ಏನಿರಬೇಕೆಂದೂ ಸಮಿತಿ ಬರೆದುಕೊಟ್ಟಿತು.

ಆ ಶಿಫಾರಸು ಬದಿಗೆ ಬಿತ್ತು. ತನ್ನ ದೋಣಿ ಸಿಡಿಯಲಿ ಎಂದು ಯಾವ ಮಾಲೀಕ ಬಯಸುತ್ತಾನೆ, ಅವನ ಸ್ವಹಿತವೇ ಕಾವಲು ಎಂದು ವಿರೋಧಿಗಳು ವಾದಿಸುತ್ತಿದ್ದರು. ಖಾಸಗಿ ಆಸ್ತಿಯನ್ನು ಹೇಗೆ ನಡೆಸಬೇಕೆಂದು ಹೇಳಲು ಸರ್ಕಾರ ಯಾರು ಎಂಬುದು ಅವರ ಇನ್ನೊಂದು ವಾದ. 1838ರ ಏಪ್ರಿಲಿನಲ್ಲಿ ಸಿನ್ಸಿನಾಟಿಯ ಬಳಿ ‘ಮೊಸೆಲ್’ ಎಂಬ ದೋಣಿ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ಜುಲೈಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅವಸರದಿಂದ ಒಂದು ಕಾನೂನು ಮಾಡಿತು. ಆರು ತಿಂಗಳಿಗೊಮ್ಮೆ ಬಾಯ್ಲರಿನ ತಪಾಸಣೆ ಕಡ್ಡಾಯವಾಯಿತು. ಆದರೆ ತಪಾಸಕ ಏನನ್ನು ನೋಡಬೇಕು, ಲೋಹ ಎಷ್ಟು ದಪ್ಪವಿರಬೇಕು, ಎಷ್ಟು ಒತ್ತಡ ತಡೆದರೆ ಸಾಕು ಎಂಬುದರ ಬಗ್ಗೆ ಆ ಕಾನೂನು ಒಂದು ಮಾತೂ ಹೇಳಲಿಲ್ಲ. ಅಳತೆಗೋಲೇ ಇಲ್ಲದೆ ತಪಾಸಣೆ ನಡೆಯಿತು. ಸ್ಫೋಟಗಳು ಮುಂದುವರಿದವು.

1852ರಲ್ಲಿ ಕಾಂಗ್ರೆಸ್ ಮತ್ತೆ ಕಾನೂನು ಮಾಡಿತು. ಈ ಸಲ ಅದರಲ್ಲಿ ಅಂಕಿಗಳಿದ್ದವು. ನಡೆಸುವ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ತಣ್ಣೀರು ತುಂಬಿ ಪರೀಕ್ಷಿಸಬೇಕು. ತಣ್ಣೀರು ತುಂಬಿದಾಗ ಬಾಯ್ಲರು ಬಿರಿದರೂ ಜೀವಹಾನಿ ಆಗುವುದಿಲ್ಲ. ಗರಿಷ್ಠ ಒತ್ತಡಕ್ಕೆ ಮಿತಿ ಬಂತು. ಎಂಜಿನಿಯರಿಗೂ ನಾವಿಕನಿಗೂ ಪರವಾನಗಿ ಕಡ್ಡಾಯವಾಯಿತು. ಫ್ರ್ಯಾಂಕ್ಲಿನ್ ಇನ್‌ಸ್ಟಿಟ್ಯೂಟಿನವರು ಕಂಡುಕೊಂಡ ಜ್ಞಾನಕ್ಕೆ ಹದಿನಾರು ವರ್ಷ ತಡವಾಗಿ ಸರ್ಕಾರದ ಬಲ ಸಿಕ್ಕಿತ್ತು. ದೋಣಿಗಳಲ್ಲಿ ಸಾಯುವವರ ಸಂಖ್ಯೆ ಇಳಿಯಿತು.

ಅಷ್ಟಾದರೂ 1865ರ ಏಪ್ರಿಲ್ 27ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಮೆಂಫಿಸ್ ನಗರದ ಬಳಿ ‘ಸುಲ್ತಾನಾ’ ಸಿಡಿಯಿತು. ಅಂತರ್ಯುದ್ಧ ಮುಗಿದು, ದಕ್ಷಿಣದ ಸೆರೆಶಿಬಿರಗಳಿಂದ ಬಿಡುಗಡೆಯಾದ ಉತ್ತರದ ಸೈನಿಕರು ಅದರಲ್ಲಿ ಊರಿಗೆ ಹೊರಟಿದ್ದರು. 376 ಜನರಿಗೆ ಪರವಾನಗಿಯಿದ್ದ ದೋಣಿಯಲ್ಲಿ 2,000ಕ್ಕೂ ಹೆಚ್ಚು ಮಂದಿ. ತಲೆಗಿಷ್ಟು ಎಂದು ಸೈನ್ಯ ಹಣ ಕೊಡುತ್ತಿದ್ದುದರಿಂದ ತುಂಬಿದಷ್ಟೂ ಲಾಭ. ದಾರಿಯಲ್ಲಿ ವಿಕ್ಸ್‌ಬರ್ಗಿನಲ್ಲಿ ಒಂದು ಬಾಯ್ಲರು ಸೋರಿತ್ತು. ಪೂರ್ತಿ ದುರಸ್ತಿಗೆ ದಿನಗಳು ಹಿಡಿಯುತ್ತವೆ, ಅಷ್ಟರಲ್ಲಿ ಸೈನಿಕರು ಬೇರೆ ದೋಣಿಯ ಪಾಲಾಗುತ್ತಾರೆ ಎಂದು, ಮೂಲ ಹಾಳೆಗಿಂತ ತೆಳುವಾದ ತೇಪೆ ಹಾಕಿ ಹೊರಡಿಸಿದರು. ಸಾವಿರಕ್ಕೂ ಹೆಚ್ಚು ಜನ ನೀರುಪಾಲಾದರು. ಅಮೆರಿಕದ ನೌಕಾ ಇತಿಹಾಸದಲ್ಲಿ ಅದಕ್ಕಿಂತ ಭೀಕರವಾದ ದುರಂತ ಇಲ್ಲ. ಎರಡೇ ವಾರದ ಹಿಂದೆ ಆ ದೋಣಿಯ ತಪಾಸಣೆಯಾಗಿತ್ತು. ನಿಯಮವಿದ್ದರೂ, ತಪಾಸಣೆ ಮತ್ತು ಪ್ರಯಾಣದ ನಡುವೆ ಅದನ್ನು ಕಾಯುವ ಜನ ಇರಲಿಲ್ಲ.

ವಿಮೆಯ ಕಣ್ಣು

1852ರ ಕಾನೂನು ದೋಣಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನೆಲದ ಮೇಲಿನ ಕಾರ್ಖಾನೆಗಳು ರಾಜ್ಯಗಳ ವ್ಯಾಪ್ತಿ. ಹೆಚ್ಚಿನ ರಾಜ್ಯಗಳಲ್ಲಿ ಯಾವ ನಿಯಮವೂ ಇರಲಿಲ್ಲ. ಆ ಖಾಲಿ ಜಾಗಕ್ಕೆ ಬಂದದ್ದು ವಿಮೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1850ರ ದಶಕದಲ್ಲೇ ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ ಮುಂತಾದವರು ಗಿರಣಿ ಮಾಲೀಕರ ಸಂಘ ಕಟ್ಟಿ, ಸದಸ್ಯರ ಬಾಯ್ಲರುಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವ ಪದ್ಧತಿ ತಂದಿದ್ದರು. ಅದೇ ದಾರಿಯಲ್ಲಿ, ಸುಲ್ತಾನಾ ದುರಂತದ ಮರುವರ್ಷ, 1866ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಹಾರ್ಟ್‌ಫರ್ಡ್ ಸ್ಟೀಮ್ ಬಾಯ್ಲರ್ ತಪಾಸಣೆ ಮತ್ತು ವಿಮಾ ಕಂಪನಿ ಹುಟ್ಟಿತು.

ಆ ಕಂಪನಿಯ ಯೋಚನೆ ಸರಳವಾಗಿತ್ತು: ಸ್ಫೋಟವಾದ ಮೇಲೆ ಹಣ ಕೊಡುವುದಕ್ಕಿಂತ ಆಗದಂತೆ ನೋಡಿಕೊಳ್ಳುವುದು ಅಗ್ಗ. ಅದರ ತಪಾಸಕರು ಸುತ್ತಿಗೆ, ದೀಪ ಹಿಡಿದು ಬಾಯ್ಲರುಗಳ ಒಳಗೆ ತೆವಳಿಕೊಂಡು ಹೋಗುತ್ತಿದ್ದರು. ತುಕ್ಕು, ಉಬ್ಬು, ಸಡಿಲವಾದ ರಿವೆಟ್, ಅಂಟಿಕೊಂಡ ಕವಾಟ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಬಾಯ್ಲರು ಹೇಗಿರಬೇಕೆಂದು ಕಂಪನಿ ತನ್ನದೇ ನಮೂನೆಗಳನ್ನೂ ಕೊಡುತ್ತಿತ್ತು. ಇದರಿಂದ ಎಷ್ಟೋ ಜೀವ ಉಳಿದವು. ಆದರೆ ವಿಮೆ ಕೊಳ್ಳುವುದು ಮಾಲೀಕನ ಇಷ್ಟ. ಹಳೆಯ ಬಾಯ್ಲರನ್ನು ಕಡಿಮೆ ಬೆಲೆಗೆ ಕೊಂಡು, ಯಾರಿಗೂ ತೋರಿಸದೆ ನಡೆಸುತ್ತಿದ್ದವನೇ ಹೆಚ್ಚು ಅಪಾಯಕಾರಿ. ಅವನನ್ನು ಈ ಕಣ್ಣು ತಲುಪಲಿಲ್ಲ.

1880ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ, ಅಂದರೆ ಎ.ಎಸ್.ಎಂ.ಇ., ಸ್ಥಾಪನೆಯಾಯಿತು. ಬಾಯ್ಲರಿನ ಸಾಮರ್ಥ್ಯ ಅಳೆಯುವ ವಿಧಾನದ ಬಗ್ಗೆ 1884ರಲ್ಲೇ ಅದು ಒಂದು ಪದ್ಧತಿಯನ್ನು ಪ್ರಕಟಿಸಿತು. ಆದರೆ ಬಾಯ್ಲರು ಹೀಗೆಯೇ ಇರಬೇಕೆಂದು ಸಂಘದ ಹೆಸರಿನಲ್ಲಿ ಹೇಳುವ ಧೈರ್ಯ ಅದಕ್ಕೆ ಇನ್ನೂ ಮೂವತ್ತು ವರ್ಷ ಬರಲಿಲ್ಲ. 1888ರಲ್ಲಿ ಹುಟ್ಟಿದ ಬಾಯ್ಲರ್ ತಯಾರಕರ ಸಂಘ ಮೊದಲಿನಿಂದಲೂ ಏಕರೂಪದ ನಿಯಮ ಬೇಕು ಎನ್ನುತ್ತಿತ್ತು. ಅದನ್ನು ಪಾಲಿಸಲೇಬೇಕೆಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಒಳ್ಳೆಯ ತಯಾರಕ ದಪ್ಪ ಹಾಳೆ ಹಾಕಿದರೆ, ಪಕ್ಕದವನು ತೆಳು ಹಾಳೆಯ ಅಗ್ಗದ ಬಾಯ್ಲರು ಮಾರಿ ಅವನ ಗಿರಾಕಿಯನ್ನು ಕಸಿದುಕೊಳ್ಳುತ್ತಿದ್ದ.

ಬಿರುಕು ಅಡಗಿದ್ದ ಜಾಗ

ಬ್ರಾಕ್ಟನ್ನಿನ ಬಾಯ್ಲರಿನಲ್ಲಿದ್ದ ದೋಷ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಆ ಕಾಲದ ಬಹಳಷ್ಟು ಬಾಯ್ಲರುಗಳಲ್ಲಿ ಉಕ್ಕಿನ ಹಾಳೆಯನ್ನು ಸುತ್ತಿ, ಒಂದು ಅಂಚಿನ ಮೇಲೆ ಇನ್ನೊಂದು ಅಂಚನ್ನು ಹೊದಿಸಿ ರಿವೆಟ್ ಹೊಡೆಯುತ್ತಿದ್ದರು. ಹಾಗೆ ಮಾಡಿದಾಗ ಕೊಳವೆ ಪೂರ್ತಿ ದುಂಡಾಗುವುದಿಲ್ಲ. ಜೋಡಿಸಿದ ಕಡೆ ಸ್ವಲ್ಪ ಸೊಟ್ಟ. ಹಬೆಯ ಒತ್ತಡ ಏರಿದಾಗಲೆಲ್ಲ ಕೊಳವೆ ದುಂಡಾಗಲು ನೋಡುತ್ತದೆ, ಇಳಿದಾಗ ಮತ್ತೆ ಹಳೆಯ ಆಕಾರಕ್ಕೆ ಬರುತ್ತದೆ. ಬೆಳಗ್ಗೆ ಬೆಂಕಿ ಹಾಕಿ ಸಂಜೆ ಆರಿಸುವ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಪ್ರತಿದಿನ ಈ ಬಾಗುವಿಕೆ ನಡೆದು, ಎರಡು ಹಾಳೆಗಳು ಒಂದರ ಮೇಲೊಂದು ಕೂರುವ ಮರೆಯಲ್ಲೇ ಬಿರುಕು ಹುಟ್ಟುತ್ತಿತ್ತು. ಒಳಗಿನಿಂದಲೂ ಹೊರಗಿನಿಂದಲೂ ಅದು ಕಾಣುತ್ತಿರಲಿಲ್ಲ. ಎರಡು ಅಂಚುಗಳನ್ನು ಎದುರುಬದುರು ತಂದು, ಒಳಗೂ ಹೊರಗೂ ಪಟ್ಟಿ ಕೊಟ್ಟು ರಿವೆಟ್ ಮಾಡಿದರೆ ಈ ತೊಂದರೆ ಇಲ್ಲ. ತಿಳಿದ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಖರ್ಚು ಸ್ವಲ್ಪ ಹೆಚ್ಚು, ಅಷ್ಟೆ.

ಬ್ರಾಕ್ಟನ್ನಿನ ಮರುವರ್ಷ, 1906ರ ಡಿಸೆಂಬರಿನಲ್ಲಿ, ಅದೇ ರಾಜ್ಯದ ಲಿನ್ ಪಟ್ಟಣದ ಬೂಟಿನ ಕಾರ್ಖಾನೆಯಲ್ಲೂ ಬಾಯ್ಲರು ಸಿಡಿಯಿತು. ಇನ್ನು ಸುಮ್ಮನಿರುವಂತಿರಲಿಲ್ಲ. 1907ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಬಾಯ್ಲರ್ ನಿಯಮಗಳ ಮಂಡಳಿಯನ್ನು ರಚಿಸಿತು. ಅದರ ರಚನೆಯನ್ನು ಗಮನಿಸಬೇಕು. ಸರ್ಕಾರದ ಮುಖ್ಯ ತಪಾಸಕರು ಅಧ್ಯಕ್ಷರು. ಉಳಿದ ನಾಲ್ವರಲ್ಲಿ ಬಾಯ್ಲರು ಬಳಸುವವರ ಪರ ಒಬ್ಬರು, ತಯಾರಕರ ಪರ ಒಬ್ಬರು, ವಿಮಾ ಕಂಪನಿಗಳ ಪರ ಒಬ್ಬರು, ಬಾಯ್ಲರನ್ನು ದಿನವೂ ನಡೆಸುವ ಎಂಜಿನಿಯರುಗಳ ಪರ ಒಬ್ಬರು. ತಿಳಿದವರೂ ಲಾಭ ಪಡೆಯುವವರೂ ಜೀವ ಪಣಕ್ಕಿಟ್ಟವರೂ ಒಂದೇ ಮೇಜಿನ ಸುತ್ತ ಕೂತು ನಿಯಮ ಬರೆಯಬೇಕು. ಬರೆದದ್ದು ರಾಜ್ಯದ ಕಾನೂನಾಗಬೇಕು. 1838ರಲ್ಲಿ ಕಾಂಗ್ರೆಸ್ಸಿಗೆ ಹೊಳೆಯದ ದಾರಿ ಇದು. 1911ರಲ್ಲಿ ಒಹಾಯೋ ರಾಜ್ಯವೂ ಇದೇ ಮಾದರಿಯ ನಿಯಮ ತಂದಿತು.

ಒಂದೇ ನಿಯಮಕ್ಕಾಗಿ

ಈಗ ತಯಾರಕರಿಗೆ ಹೊಸ ತಲೆನೋವು. ಒಂದು ರಾಜ್ಯಕ್ಕೆ ಒಪ್ಪುವ ಬಾಯ್ಲರು ಪಕ್ಕದ ರಾಜ್ಯಕ್ಕೆ ಒಪ್ಪುವುದಿಲ್ಲ. ಡೆಟ್ರಾಯಿಟಿನಂಥ ನಗರಗಳಲ್ಲಿ ತಮ್ಮದೇ ನಿಯಮಗಳು. ಪ್ರತಿ ಗಿರಾಕಿಗೂ ಬೇರೆ ನಕ್ಷೆ, ಬೇರೆ ದಪ್ಪ, ಬೇರೆ ರಿವೆಟ್. ಕಾನೂನುಗಳು ಹೀಗೆ ರಾಜ್ಯಕ್ಕೊಂದರಂತೆ ಬರುತ್ತಾ ಹೋದರೆ ತಮ್ಮ ಉದ್ಯಮವೇ ನಿಲ್ಲುತ್ತದೆ ಎಂದು ಅವರಿಗೆ ಅರಿವಾಯಿತು. ಏಕರೂಪದ ನಿಯಮಕ್ಕಾಗಿ ಬಾಯ್ಲರ್ ತಯಾರಕರ ಸಂಘದಲ್ಲಿ ವರ್ಷಗಟ್ಟಲೆ ವಾದಿಸಿದ್ದ ಕರ್ನಲ್ ಎಡ್ವರ್ಡ್ ಮೈಯರ್ 1911ರಲ್ಲಿ ಎ.ಎಸ್.ಎಂ.ಇ. ಅಧ್ಯಕ್ಷರಾದರು. ಆ ವರ್ಷವೇ ಲೋವೆಲ್ ಪಟ್ಟಣದ ಎಂಜಿನಿಯರ್ ಜಾನ್ ಎ. ಸ್ಟೀವನ್ಸ್ ಅವರ ಮುಂದಾಳತ್ವದಲ್ಲಿ ಏಳು ಜನರ ಸಮಿತಿ ರಚನೆಯಾಯಿತು. ಅದರಲ್ಲಿ ಪ್ರಾಧ್ಯಾಪಕರಿದ್ದರು, ಬಾಯ್ಲರು ತಯಾರಕರಿದ್ದರು, ಉಕ್ಕಿನ ಹಾಳೆ ಮಾಡುವವರಿದ್ದರು, ವಿಮೆಯವರಿದ್ದರು. ಕಾರ್ಮಿಕರ ಪ್ರತಿನಿಧಿ ಎಂದು ಯಾರೂ ಇರಲಿಲ್ಲ. ಮ್ಯಾಸಚೂಸೆಟ್ಸ್ ಮಂಡಳಿಗೆ ಹೋಲಿಸಿದರೆ ಇದು ಅದರ ದೊಡ್ಡ ಕೊರತೆ.

ಸಮಿತಿ ಮ್ಯಾಸಚೂಸೆಟ್ಸ್ ಮತ್ತು ಒಹಾಯೋ ನಿಯಮಗಳನ್ನು ಮುಂದಿಟ್ಟುಕೊಂಡು ಕರಡು ಬರೆಯಿತು. ಸುಮಾರು 2,000 ಪ್ರತಿಗಳನ್ನು ಮುದ್ರಿಸಿ ಎಂಜಿನಿಯರುಗಳಿಗೂ ತಯಾರಕರಿಗೂ ತಪಾಸಕರಿಗೂ ಹಂಚಿತು. ಆಕ್ಷೇಪಗಳ ಸುರಿಮಳೆಯಾಯಿತು. ಉಕ್ಕಿನವರಿಗೆ ಉಕ್ಕಿನ ಗುಣಮಟ್ಟದ ಷರತ್ತು ಹಿಡಿಸಲಿಲ್ಲ. ಮನೆ ಬೆಚ್ಚಗಿಡುವ ಸಣ್ಣ ಬಾಯ್ಲರು ಮಾಡುವವರಿಗೆ ದೊಡ್ಡ ಬಾಯ್ಲರಿನ ನಿಯಮ ತಮಗೇಕೆಂದು ಸಿಟ್ಟು. 1914ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬಹಿರಂಗ ವಿಚಾರಣೆ ನಡೆಯಿತು. ವಿರೋಧಿಸಿದವರನ್ನು ಹೊರಗಿಡದೆ, ಅವರ ಪ್ರತಿನಿಧಿಗಳನ್ನೂ ಸೇರಿಸಿ ಒಂದು ಸಲಹಾ ಸಮಿತಿ ಮಾಡಿದರು. ಮತ್ತೆ ಚರ್ಚೆ, ಮತ್ತೆ ತಿದ್ದುಪಡಿ. 1915ರ ಫೆಬ್ರುವರಿ 13ರಂದು ಸಂಘ ನಿಯಮಾವಳಿಯನ್ನು ಅಂಗೀಕರಿಸಿತು. ಮೊದಲ ಆವೃತ್ತಿ 114 ಪುಟಗಳ ಪುಸ್ತಕ.

ಆ ಪುಟಗಳಲ್ಲಿ ಘೋಷಣೆಗಳಿರಲಿಲ್ಲ, ಅಳತೆಗಳಿದ್ದವು. ಬಾಯ್ಲರಿನ ಹಾಳೆ ಹರಿಯುವ ಒತ್ತಡದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಒತ್ತಡದಲ್ಲಿ ಅದನ್ನು ನಡೆಸುವಂತಿಲ್ಲ. ಅಂಚಿನ ಮೇಲೆ ಅಂಚು ಹೊದಿಸಿದ ಜೋಡಣೆಗೆ ಕಡಿಮೆ ವ್ಯಾಸ, ಕಡಿಮೆ ಒತ್ತಡದ ಸಣ್ಣ ಬಾಯ್ಲರುಗಳಲ್ಲಿ ಮಾತ್ರ ಅನುಮತಿ. ಉಕ್ಕಿನ ಗುಣ, ರಿವೆಟಿನ ರಂಧ್ರ ಕೊರೆಯುವ ರೀತಿ, ಕವಾಟದ ಗಾತ್ರ ಎಲ್ಲಕ್ಕೂ ಅಂಕಿಯಿತ್ತು. ಬ್ರಾಕ್ಟನ್ನಿನಲ್ಲಿ 58 ಮಂದಿಯನ್ನು ಕೊಂದ ದೋಷಕ್ಕೆ ಕೊನೆಗೂ ಬರಹದಲ್ಲಿ ತಡೆ ಬಿದ್ದಿತ್ತು.

ಆದರೆ ಈ ಪುಸ್ತಕ ಎಂಜಿನಿಯರುಗಳ ಸಂಘದ್ದು, ಯಾರನ್ನೂ ಕಟ್ಟಿಹಾಕದು. ಅದಕ್ಕಾಗಿಯೇ ತಯಾರಕರು, ವಿಮೆಯವರು ಸೇರಿ ಇನ್ನೊಂದು ಸಂಘ ಕಟ್ಟಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಓಡಾಡಿ, ಈ ನಿಯಮಾವಳಿಯನ್ನೇ ಕಾನೂನಾಗಿ ಒಪ್ಪಿಕೊಳ್ಳಿ ಎಂದು ಶಾಸನಸಭೆಗಳ ಬಾಗಿಲು ತಟ್ಟಿದರು. ಕಾನೂನು ಬೇಡ ಎನ್ನುತ್ತಿದ್ದ ಉದ್ಯಮವೇ ಈಗ ಕಾನೂನು ಕೇಳುತ್ತಿತ್ತು. 1919ರಲ್ಲಿ ಒಹಾಯೋದ ಮುಖ್ಯ ತಪಾಸಕ ಕಾರ್ಲ್ ಮೈಯರ್ಸ್ ರಾಜ್ಯಗಳ ತಪಾಸಕರನ್ನೆಲ್ಲ ಸೇರಿಸಿ ಒಂದು ರಾಷ್ಟ್ರೀಯ ಮಂಡಳಿ ರಚಿಸಿದರು. ಒಂದು ರಾಜ್ಯದಲ್ಲಿ ಪರೀಕ್ಷೆಯಾಗಿ ಮುದ್ರೆ ಬಿದ್ದ ಬಾಯ್ಲರನ್ನು ಇನ್ನೊಂದು ರಾಜ್ಯ ಒಪ್ಪಿಕೊಳ್ಳುವ ಪದ್ಧತಿ ಬಂತು. ಸಂಘ ನಿಯಮ ಬರೆಯಿತು, ರಾಜ್ಯ ಅದನ್ನು ಕಡ್ಡಾಯ ಮಾಡಿತು, ತಯಾರಕನಿಂದ ಸಂಬಳ ಪಡೆಯದ ತಪಾಸಕ ಮುದ್ರೆ ಒತ್ತಿದ. ಮುಂದಿನ ದಶಕಗಳಲ್ಲಿ ಹಬೆಯ ಒತ್ತಡ ಏರುತ್ತಲೇ ಹೋಯಿತು. 1957ರಲ್ಲಿ ಒಹಾಯೋದ ಫೈಲೋ ವಿದ್ಯುತ್ ಕೇಂದ್ರದಲ್ಲಿ ಅದು ಚದರ ಅಂಗುಲಕ್ಕೆ 4,500 ಪೌಂಡ್ ಮುಟ್ಟಿತು. ಸ್ಫೋಟಗಳು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿದವು.

ಒಪ್ಪಿಗೆಗೆ ಬಲವಿಲ್ಲದಾಗ

ಕಾನೂನಿನ ಬೆಂಬಲವಿಲ್ಲದೆ ಮಾನಕವೊಂದೇ ಇದನ್ನು ಸಾಧಿಸುತ್ತಿತ್ತೇ? ಅದೇ ಕಾಲದ ಇನ್ನೊಂದು ಘಟನೆ ಇದಕ್ಕೆ ಉತ್ತರ ಕೊಡುತ್ತದೆ. 1904ರ ಫೆಬ್ರುವರಿ 7ರಂದು ಬಾಲ್ಟಿಮೋರ್ ನಗರಕ್ಕೆ ಬೆಂಕಿ ಹತ್ತಿತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕುಗಳಿಂದ ಅಗ್ನಿಶಾಮಕ ದಳಗಳು ರೈಲಿನಲ್ಲಿ ಧಾವಿಸಿದವು. ಆದರೆ ಹೊರಗಿನಿಂದ ಬಂದ ಎಷ್ಟೋ ದಳಗಳ ಕೊಳವೆಯ ತಿರುಪು ಬಾಲ್ಟಿಮೋರಿನ ನಲ್ಲಿಗೆ ಕೂರಲಿಲ್ಲ. ನೀರಿದೆ, ಕೊಳವೆಯಿದೆ, ಜನರಿದ್ದಾರೆ, ಎರಡನ್ನೂ ಜೋಡಿಸಲಾಗದು. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಮರುವರ್ಷ ಅಗ್ನಿ ಸುರಕ್ಷತಾ ಸಂಘದವರು ದೇಶಕ್ಕೆಲ್ಲ ಒಂದೇ ತಿರುಪಿನ ಮಾನಕ ಗೊತ್ತುಮಾಡಿದರು. ಅದನ್ನು ಪಾಲಿಸುವುದು ಆಯಾ ನಗರದ ಇಷ್ಟಕ್ಕೆ ಬಿಟ್ಟದ್ದು. ನಲ್ಲಿ ಬದಲಿಸಲು ಹಣ ಬೇಕು. ಬೆಂಕಿ ಯಾವಾಗಲೋ ಬರುವುದು. 87 ವರ್ಷಗಳ ನಂತರ, 1991ರಲ್ಲಿ, ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬೆಟ್ಟಗಳಿಗೆ ಬೆಂಕಿ ಬಿದ್ದಾಗ ನೆರವಿಗೆ ಬಂದ ನೆರೆಯೂರಿನ ದಳಗಳ ಎರಡೂವರೆ ಅಂಗುಲದ ಕೊಳವೆ ಓಕ್ಲೆಂಡಿನ ಮೂರು ಅಂಗುಲದ ನಲ್ಲಿಗೆ ಕೂರಲಿಲ್ಲ. ಮಾನಕ ಚೆನ್ನಾಗಿಯೇ ಇತ್ತು. ಅದನ್ನು ಪಾಲಿಸಿ ಎನ್ನುವವರಿರಲಿಲ್ಲ.

ಮೇಜಿನ ಸುತ್ತ ಕೂತವರು

ಇನ್ನೊಂದು ಅಪಾಯ ಬಾಯ್ಲರ್ ನಿಯಮಾವಳಿಯ ಒಳಗೇ ಇತ್ತು. ಖಾಸಗಿ ಸಂಘ ಬರೆದ ಪುಸ್ತಕಕ್ಕೆ ಕಾನೂನಿನ ಬಲ ಬಂದಾಗ ಆ ಪುಸ್ತಕದ ಅರ್ಥ ಹೇಳುವವರ ಕೈಗೆ ದೊಡ್ಡ ಶಕ್ತಿ ಬರುತ್ತದೆ. ಬಾಯ್ಲರಿನಲ್ಲಿ ನೀರು ಇಳಿದಾಗ ಇಂಧನವನ್ನು ತಾನಾಗಿಯೇ ನಿಲ್ಲಿಸುವ ಸಾಧನವೊಂದಿದೆ. ಷಿಕಾಗೋದ ಮೆಕ್‌ಡೊನೆಲ್ ಅಂಡ್ ಮಿಲ್ಲರ್ ಕಂಪನಿ ಆ ಮಾರುಕಟ್ಟೆಯಲ್ಲಿ ದೊಡ್ಡದು. ಹೈಡ್ರೋಲೆವೆಲ್ ಎಂಬ ಸಣ್ಣ ಕಂಪನಿ ಸ್ವಲ್ಪ ತಡವಾಗಿ ಕೆಲಸ ಮಾಡುವ ಬೇರೆ ರೀತಿಯ ಸಾಧನ ತಂದು, 1971ರಲ್ಲಿ ಒಬ್ಬ ದೊಡ್ಡ ಗಿರಾಕಿಯನ್ನು ತನ್ನ ಕಡೆಗೆ ಸೆಳೆಯಿತು. ದೊಡ್ಡ ಕಂಪನಿಯ ಉಪಾಧ್ಯಕ್ಷರೇ ಎ.ಎಸ್.ಎಂ.ಇ.ಯ ಸಂಬಂಧಪಟ್ಟ ಉಪಸಮಿತಿಯ ಉಪಾಧ್ಯಕ್ಷರೂ ಆಗಿದ್ದರು. ಆ ಕಂಪನಿ ಸಂಘಕ್ಕೆ ಒಂದು ಪ್ರಶ್ನೆ ಬರೆಯಿತು. ಪ್ರಶ್ನೆ ಬರೆಯಲು ನೆರವಾದ ಉಪಸಮಿತಿಯ ಅಧ್ಯಕ್ಷರೇ ಉತ್ತರದ ಕರಡನ್ನೂ ಸಿದ್ಧಮಾಡಿದರು. ಸಂಘದ ಹೆಸರಿನಲ್ಲಿ ಹೊರಬಿದ್ದ ಆ ಪತ್ರವನ್ನು ತೋರಿಸಿ, ಹೈಡ್ರೋಲೆವೆಲ್ ಸಾಧನ ನಿಯಮಕ್ಕೆ ವಿರುದ್ಧ ಎಂದು ಗಿರಾಕಿಗಳಿಗೆ ಹೇಳಲಾಯಿತು. ಸಣ್ಣ ಕಂಪನಿ ಮುಳುಗಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1982ರ ಮೇ ತಿಂಗಳಲ್ಲಿ ಆರು ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆಯಾಗಿ ತೀರ್ಪು ಬಂತು: ತನ್ನ ಹೆಸರಿನ ಅಧಿಕಾರವನ್ನು ಬಳಸಲು ಬಿಟ್ಟ ಸಂಘವೇ ಅದಕ್ಕೆ ಹೊಣೆ.

ಈ ತೀರ್ಪು ಅಮೆರಿಕದ ಮಾನಕ ಸಂಸ್ಥೆಗಳಿಗೆಲ್ಲ ಪಾಠವಾಯಿತು. ಯಾವ ಒಂದು ಹಿತಾಸಕ್ತಿಗೂ ಸಮಿತಿಯಲ್ಲಿ ಮೇಲುಗೈ ಇರಬಾರದು, ಸಭೆಗಳು ತೆರೆದಿರಬೇಕು, ಮೇಲ್ಮನವಿಗೆ ದಾರಿಯಿರಬೇಕು ಎಂಬ ನಿಯಮಗಳು ಬಿಗಿಯಾದವು. 1996ರಲ್ಲಿ ಕಾಂಗ್ರೆಸ್, ಸಾಧ್ಯವಿದ್ದ ಕಡೆಯೆಲ್ಲ ಸರ್ಕಾರಿ ಇಲಾಖೆಗಳು ತಮ್ಮದೇ ನಿಯಮ ಬರೆಯುವ ಬದಲು ಇಂಥ ಸಮ್ಮತಿಯ ಮಾನಕಗಳನ್ನೇ ಬಳಸಬೇಕೆಂದು ಕಾನೂನು ಮಾಡಿತು. ಆಗ ಇನ್ನೊಂದು ಪ್ರಶ್ನೆ ಎದ್ದಿತು: ಪಾಲಿಸಲೇಬೇಕಾದ ಕಾನೂನನ್ನು ಓದಲು ಪ್ರಜೆ ಖಾಸಗಿ ಸಂಘಕ್ಕೆ ದುಡ್ಡು ಕೊಡಬೇಕೇ? 2023ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಕಾನೂನಿನಲ್ಲಿ ಸೇರಿದ ಮಾನಕಗಳನ್ನು ಲಾಭದ ಉದ್ದೇಶವಿಲ್ಲದೆ ಸಾರ್ವಜನಿಕರಿಗೆ ಒದಗಿಸುವುದು ತಪ್ಪಲ್ಲ ಎಂದಿತು.

ನಮ್ಮ ದಾರಿ

ಭಾರತ ಇದೇ ಊರಿಗೆ ಬೇರೆ ದಾರಿಯಲ್ಲಿ ಬಂತು. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರು ಸಿಡಿದು ಜನ ಸತ್ತ ಮೇಲೆ, 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಪ್ರಾಂತ್ಯಕ್ಕೊಂದು ಕಾನೂನಾಗಿ ಅಮೆರಿಕದಲ್ಲಾದ ಗೊಂದಲವೇ ಇಲ್ಲೂ ಆಗಿ, 1923ರಲ್ಲಿ ದೇಶಕ್ಕೆಲ್ಲ ಒಂದೇ ಬಾಯ್ಲರ್ ಕಾಯ್ದೆ ಬಂತು. 1950ರಲ್ಲಿ ವಿವರವಾದ ನಿಯಮಾವಳಿ. ಇಲ್ಲಿ ನಿಯಮ ಬರೆಯುವುದು ಸಂಘವಲ್ಲ, ಸರ್ಕಾರ ರಚಿಸಿದ ಕೇಂದ್ರೀಯ ಬಾಯ್ಲರ್ ಮಂಡಳಿ. ಅದರಲ್ಲಿ ರಾಜ್ಯಗಳ ಅಧಿಕಾರಿಗಳ ಜೊತೆ ಉದ್ಯಮದವರೂ ಇರುತ್ತಾರೆ. ಕರ್ನಾಟಕದ ಸಕ್ಕರೆ ಕಾರ್ಖಾನೆಗಳ, ಅಕ್ಕಿ ಗಿರಣಿಗಳ ಬಾಯ್ಲರುಗಳಿಗೆ ಇಂದಿಗೂ ಅನುಮತಿ ಕೊಡುವುದು ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ. 2007ರ ತಿದ್ದುಪಡಿ ತಪಾಸಣೆಯ ಕೆಲಸವನ್ನು ಸರ್ಕಾರದ ಹೊರಗಿನ ಅರ್ಹರಿಗೂ ತೆರೆಯಿತು. 2025ರಲ್ಲಿ ಶತಮಾನದ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಮನೆಯ ಪ್ರೆಷರ್ ಕುಕ್ಕರಿಗೂ ಐಎಸ್‌ಐ ಮುದ್ರೆ ಬಹುಕಾಲ ತಯಾರಕರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಸರ್ಕಾರ 2020ರ ಆದೇಶದ ಮೂಲಕ ಅದನ್ನು ಕಡ್ಡಾಯ ಮಾಡಿತು.

ನಿಯಮವಿದ್ದ ಮಾತ್ರಕ್ಕೆ ನಾವು ಸುರಕ್ಷಿತರಲ್ಲ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರ್ ವಿದ್ಯುತ್ ಕೇಂದ್ರದ ಬಾಯ್ಲರ್ ಅವಘಡದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. 2020ರ ಜುಲೈ 1ರಂದು ತಮಿಳುನಾಡಿನ ನೈವೇಲಿಯಲ್ಲಿ ಮತ್ತೆ ಸಾವುಗಳಾದವು. ಸತ್ತವರಲ್ಲಿ ಹೆಚ್ಚಿನವರು ಬಾಯ್ಲರಿನ ಹತ್ತಿರ ದುಡಿಯುವ ಕಾರ್ಮಿಕರು.

ಸರ್ಕಾರ ದೂರವಿದ್ದರೆ ಉದ್ಯಮವೇ ತನ್ನನ್ನು ತಿದ್ದಿಕೊಳ್ಳುತ್ತದೆ ಎನ್ನುವವರು ಸುಲ್ತಾನಾದ ಕಥೆಯನ್ನೂ ಬಾಲ್ಟಿಮೋರಿನ ತಿರುಪನ್ನೂ ನೋಡಬೇಕು. ಎಲ್ಲವನ್ನೂ ಸರ್ಕಾರವೇ ಬರೆದರೆ ಸಾಕು ಎನ್ನುವವರು 1838ರ ಕಾನೂನನ್ನು ನೋಡಬೇಕು. ಬಾಯ್ಲರು ಸಿಡಿಯುವುದು ನಿಂತದ್ದು ಬಲ್ಲವರು ಬರೆದು, ಸರ್ಕಾರ ಕಡ್ಡಾಯ ಮಾಡಿ, ತಯಾರಕನಿಗೆ ಸೇರದ ತಪಾಸಕ ಒಳಗೆ ತೆವಳಿ ನೋಡಿದಾಗ. ಮೂರರಲ್ಲಿ ಒಂದು ಸಡಿಲವಾದರೂ ಜನ ಸಾಯುತ್ತಾರೆ. ಆದ್ದರಿಂದ ಹೊಸ ಕಾಯ್ದೆಯ ಅಡಿಯಲ್ಲಿ ನಿಯಮ ಬರೆಯುವ ನಮ್ಮವರಲ್ಲಿ ಒಂದು ಮನವಿ: ಆ ಮೇಜಿನಲ್ಲಿ ಬಾಯ್ಲರ್ ಅಟೆಂಡೆಂಟನಿಗೂ ಒಂದು ಕುರ್ಚಿ ಹಾಕಿ, ಬರೆದದ್ದನ್ನು ಅವನ ಭಾಷೆಯಲ್ಲಿ, ಅವನ ಕೈಗೆ ಬಿಟ್ಟಿಯಾಗಿ ಸಿಗುವಂತೆ ಮಾಡಿ.